ನೀರು ಹರಿಯುವ ದಾರಿಯಲ್ಲಿ ಮೋಟಾರು



ಸೊಲ್ಲಾಪುರ ಜಿಲ್ಲೆಯು ಬರಗಾಲಕ್ಕೆ ಹೆಸರಾದುದು. ಮಳೆಗಾಗಿ ಮುಗಿಲು ನೋಡುವ ಜನಕ್ಕೆ ಪ್ರವಾಹದ ಪಾಠವೇಕೆಂದು ಯಾರಾದರೂ ಕೇಳಬಹುದು. ನೀರನ್ನು ದಿನವೂ ಕಾಣುವ ಮಲೆನಾಡಿಗನು ಅದಕ್ಕೆ ಅಂಜುತ್ತಾನೆ. ಅಪರೂಪಕ್ಕೆ ಕಾಣುವ ನಾವು ಅಂಜುವುದಿಲ್ಲ. ಅದಕ್ಕಾಗಿಯೇ ಈ ಪಾಠ. 2020ರ ಅಕ್ಟೋಬರದಲ್ಲಿ ಚಿತ್ತೆಯ ಮಳೆಗೆ ಬೋರಿ ನದಿಯು ಉಕ್ಕಿ, ಅಕ್ಕಲಕೋಟೆ ತಾಲೂಕಿನ ಸಾಂಗವಿ ಮೊದಲಾದ ಊರುಗಳನ್ನು ಬಾಧಿಸಿತು. 2025ರ ಸಪ್ಟೆಂಬರದಲ್ಲಿ ಸೀನಾ ನದಿಯ ನೀರಿನಿಂದಾಗಿ ಸೊಲ್ಲಾಪುರ-ವಿಜಯಪುರ ಹೆದ್ದಾರಿಯ ಸಂಚಾರವನ್ನೇ ನಿಲ್ಲಿಸಬೇಕಾಯಿತು.

ನಮ್ಮ ಹೊಳೆಹಳ್ಳಗಳು ಬೇರೆಡೆಯ ಮಳೆಯನ್ನು ಹೊತ್ತು ತರುತ್ತವೆ. ಬೋರಿಯು ತುಳಜಾಪುರದ ಕಡೆಯಿಂದ ಹರಿದು, ನಳದುರ್ಗದ ಕೋಟೆಯನ್ನು ಬಳಸಿ, ಕುರನೂರಿನ ಅಣೆಕಟ್ಟನ್ನು ಸೇರಿ, ಮುಂದೆ ಭೀಮೆಯಲ್ಲಿ ಕೂಡುತ್ತದೆ. ಆದ್ದರಿಂದ ಅಕ್ಕಲಕೋಟೆಯಲ್ಲಿ ಬಿಸಿಲಿದ್ದಾಗಲೂ ಮೇಲಿನ ಸೀಮೆಯ ಮಳೆಯು ಸೇತುವೆಯನ್ನು ಮುಳುಗಿಸಬಲ್ಲದು. ಇಲ್ಲಿ ಮಳೆ ನಿಂತಿತೆಂದು ಹೊರಡುವವನು ಅರ್ಧ ಸಮಾಚಾರವನ್ನು ಮಾತ್ರ ತಿಳಿದು ಹೊರಡುತ್ತಾನೆ.

'ಇದು ನಾವು ದಿನವೂ ಓಡಾಡುವ ದಾರಿ' ಎಂಬ ಧೈರ್ಯವು ಇನ್ನೂ ಕೆಟ್ಟದ್ದು. ನೀರಿನ ಕೆಳಗಿನ ದಾರಿಯು ನಿನ್ನೆಯ ದಾರಿಯಲ್ಲ. ಹಳ್ಳದ ನೀರು ಕಿರುಸೇತುವೆಯ ಬದಿಯ ಮಣ್ಣನ್ನು ಒಳಗಿಂದೊಳಗೇ ಕೊರೆಯುತ್ತದೆ. ಮೇಲಿನ ಡಾಂಬರು ಮಾತ್ರ ಹಪ್ಪಳದಂತೆ ನಿಂತಿರುತ್ತದೆ. ಎರೆಮಣ್ಣಿನ ಕದಡಿದ ನೀರಿನಲ್ಲಿ ಇದಾವುದೂ ಕಾಣದು. ರಾತ್ರಿಯಂತೂ ದೀಪದ ಬೆಳಕಿಗೆ ನೀರೂ ರಸ್ತೆಯೂ ಒಂದೇ ಆಗಿ ಹೊಳೆಯುತ್ತವೆ.

ಮೋಟಾರು ಬಹಳ ಭಾರದ ವಸ್ತುವಲ್ಲವೇ, ಅದು ತೇಲುವುದೆಂತು? ಬರಿಯ ಕೊಡವನ್ನು ಬಾಯಿ ಮೇಲಾಗಿ ನೀರಿನಲ್ಲಿ ಅದುಮಿ ನೋಡಿರಿ. ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಮುಳುಗಿದ ಭಾಗವು ಎಷ್ಟು ನೀರನ್ನು ಸರಿಸುವುದೋ ಅಷ್ಟು ನೀರಿನ ತೂಕವೇ ಆ ನೂಕುವ ಬಲವೆಂದು ಅರ್ಕಿಮೀಡಿಸನ ತತ್ತ್ವದಲ್ಲಿ ಓದಿದ್ದೀರಿ. ಮೋಟಾರು ಗಾಲಿಗಳುಳ್ಳ ಕೊಡವೇ ಸರಿ. ಒಂದು ಸಣ್ಣ ಕಾರಿನ ತೂಕ 1000 ಕಿಲೋ, ತಳದ ವಿಸ್ತೀರ್ಣ 5 ಚದರ ಮೀಟರು, ತಳವು ನೆಲದಿಂದ 17 ಸೆಂಟಿಮೀಟರು ಎತ್ತರ ಎಂದಿಟ್ಟುಕೊಳ್ಳೋಣ. ದಾರಿಯ ಮೇಲೆ 32 ಸೆಂಟಿಮೀಟರು ನೀರಿದ್ದರೆ ತಳವು 15 ಸೆಂಟಿಮೀಟರು ಮುಳುಗಿತು. ಸರಿದ ನೀರು 0.75 ಘನ ಮೀಟರು. ಅದರ ತೂಕ 750 ಕಿಲೋ. ಒಳಗೆ ನೀರು ನುಗ್ಗುವ ಮುನ್ನ ನಾಲ್ಕು ಗಾಲಿಗಳ ಮೇಲೆ ಉಳಿದದ್ದು ಎರಡೂವರೆ ಕ್ವಿಂಟಲ್ ಜೋಳದಷ್ಟು ಭಾರ ಮಾತ್ರ! ನೀರಿನ್ನೂ ಮೊಣಕಾಲನ್ನು ಮುಟ್ಟಿಲ್ಲವೆಂಬುದನ್ನು ಮರೆಯಬೇಡಿರಿ. ಇನ್ನು ಪಕ್ಕದಿಂದ ತಳ್ಳುವ ಪ್ರವಾಹವಿದೆ. ಅದರ ವೇಗ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಮಡಿಯಾಗುತ್ತದೆ.

ಆದಕಾರಣ ರಸ್ತೆಯನ್ನು ಅಡ್ಡಲಾಗಿ ದಾಟಿ ಹರಿಯುವ ನೀರಿನಲ್ಲಿ ಕಾರನ್ನು ಇಳಿಸಲೇಬಾರದು. ಲಾರಿ ದಾಟಿತೆಂಬುದು ಪ್ರಮಾಣವಲ್ಲ. ಅದರ ತಳವೂ ಎತ್ತರ, ತೂಕವೂ ಹೆಚ್ಚು. ಪೊಲೀಸರು ಅಡ್ಡಗಟ್ಟಿದಲ್ಲಿ ವಾದಿಸುವುದಂತೂ ಸುಶಿಕ್ಷಿತರಿಗೆ ಶೋಭಿಸದು. ಶಾಲೆಗೆ ತಡವಾದೀತೆಂದು ಮಕ್ಕಳನ್ನು ಕೂಡಿಸಿಕೊಂಡು ಹಳ್ಳ ದಾಟುವ ಪಾಲಕರಲ್ಲಿ ನಮ್ಮದೊಂದು ವಿನಂತಿ: ಅಂಥ ದಿನದ ಗೈರುಹಾಜರಿಗೆ ನಾವು ಕಾರಣ ಕೇಳುವುದಿಲ್ಲ. ಮಕ್ಕಳೂ 'ಅಪ್ಪಾ, ಹಿಂದಿರುಗೋಣ' ಎನ್ನಲು ಸಂಕೋಚಪಡಬಾರದು, ಇದು ಉದ್ಧಟತನವಲ್ಲ.

ಪಟ್ಟಣದ ತಗ್ಗಿನಲ್ಲಿ ಮಳೆಯ ನೀರು ಹರಿಯದೆ ನಿಂತಿದ್ದು, ಆಳವು ಅರ್ಧ ಗೇಣಿನಷ್ಟೆಂದು ಖಚಿತವಾಗಿದ್ದರೆ ದಾಟಬಹುದು. ಮುಂದಿನ ಗಾಡಿ ಪೂರ್ತಿ ದಾಟುವವರೆಗೆ ನಿಲ್ಲಬೇಕು. ಮೊದಲನೆಯ ಗಿಯರಿನಲ್ಲಿ, ಒಂದೇ ಸಮನಾದ ನಿಧಾನಗತಿಯಿಂದ, ನಡುವೆ ಗಿಯರು ಬದಲಿಸದೆ, ರಸ್ತೆಯ ನಡುಭಾಗದಲ್ಲಿ ಸಾಗಬೇಕು. ದಾಟಿದ ಮೇಲೆ ನಿಧಾನವಾಗಿ ಚಲಿಸುತ್ತ ಬ್ರೇಕನ್ನು ಹಗುರಾಗಿ ಹಲವು ಸಲ ಒತ್ತಿ ಒಣಗಿಸಿಕೊಳ್ಳಬೇಕು. ತೊಯ್ದ ಬ್ರೇಕು ಸರಿಯಾಗಿ ಹಿಡಿಯದು.

ನೀರಿನಲ್ಲಿ ಇಂಜಿನು ನಿಂತುಹೋದರೆ ಮತ್ತೆ ಚಾಲೂ ಮಾಡಲು ಯತ್ನಿಸಬಾರದು. ಗಾಳಿ ಎಳೆದುಕೊಳ್ಳುವ ಕೊಳವೆಯಿಂದ ನೀರು ಸಿಲಿಂಡರನ್ನು ಹೊಕ್ಕಿದ್ದರೆ, ಗಾಳಿಯಂತೆ ಅದು ಕುಗ್ಗುವುದಿಲ್ಲ. ಪಿಸ್ಟನ್ನಿನ ದಂಡವೇ ಬಾಗುತ್ತದೆ. ಕೆಟ್ಟ ಇಂಜಿನನ್ನು ಮಿಸ್ತ್ರಿಯು ದುರಸ್ತಿ ಮಾಡಿಯಾನು. ಒಳಗಿದ್ದವರು ಹೊರಬರುವುದು ಮೊದಲ ಕೆಲಸ.

ಇದಕ್ಕೆ ಕ್ಷಣವೂ ತಡಮಾಡಬಾರದು. ಬಾಗಿಲಿನ ಅಗಲ 1 ಮೀಟರಿದ್ದು, ಹೊರಗಿನ ನೀರು ಅದರ ತಳದಿಂದ 60 ಸೆಂಟಿಮೀಟರು ಏರಿದ್ದು, ಒಳಗೆ ನೀರಿಲ್ಲದಿದ್ದರೆ, ಬಾಗಿಲಿನ ಮೇಲಿನ ಒತ್ತಡ ಸುಮಾರು 180 ಕಿಲೋ ತೂಕದಷ್ಟಾಗುತ್ತದೆ. 10ನೆಯ ತರಗತಿಯವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕು. ಇಷ್ಟು ಭಾರವನ್ನು ಕುಳಿತಲ್ಲಿಂದ ತಳ್ಳುವುದು ಸಾಮಾನ್ಯರಿಗೆ ಆಗದು. ಆದ್ದರಿಂದ ಬಾಗಿಲಿನೊಡನೆ ಹೆಣಗದೆ, ವಿದ್ಯುತ್ತು ಕೆಡುವ ಮೊದಲೇ ಕಿಟಕಿಯ ಗಾಜನ್ನು ಇಳಿಸಬೇಕು. ಪಟ್ಟಿಯನ್ನು ಬಿಚ್ಚಿ, ಮೊದಲು ಮಕ್ಕಳನ್ನು ಹೊರಗೆ ಕಳಿಸಬೇಕು. ಗಾಜು ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಮೊನಚಾದ ಕಬ್ಬಿಣದಿಂದ ಹೊಡೆಯಬೇಕು. ಎದುರಿನ ಗಾಜು ಪದರುಗಳನ್ನು ಅಂಟಿಸಿ ಮಾಡಿದ್ದು. ಬಿರಿದರೂ ಕಳಚಿ ಬೀಳದು. ಹೊರಗೆ ಸೆಳವು ಬಲವಾಗಿದ್ದರೆ ಗಾಡಿಯ ಮಾಳಿಗೆಯನ್ನೇರಿ ಕುಳಿತು, 112ಕ್ಕೆ ಕರೆಮಾಡಬೇಕು.