ಎಚ್‌ಐವಿ ಇದ್ದವರ ಕಣ್ಣು ಮಂಜಾದರೆ ಕಾಯಬೇಡಿ

ಪ್ರಶ್ನೆ: ನನಗೆ 38 ವರ್ಷ. ಐದು ತಿಂಗಳ ಹಿಂದೆ ಎಚ್‌ಐವಿ ಇರುವುದು ಗೊತ್ತಾಯಿತು. ಆಗ ಸಿಡಿ4 (ರೋಗನಿರೋಧಕ ರಕ್ತಕಣಗಳ) ಎಣಿಕೆ 42 ಇತ್ತು. ಎಚ್‌ಐವಿಗೆ ಕೊಟ್ಟ ಎಆರ್‌ಟಿ ಮಾತ್ರೆ ತಪ್ಪಿಸಿಲ್ಲ. ತೂಕ ಹೆಚ್ಚಿದೆ, ಸಿಡಿ4 ಈಗ 160. ಆದರೆ ಮೂರು ವಾರಗಳಿಂದ ಬಲಗಣ್ಣಿನ ಮುಂದೆ ನೊಣ ಹಾರಿದಂತೆ ಕಪ್ಪು ಚುಕ್ಕೆಗಳು ತೇಲುತ್ತಿವೆ, ದೃಷ್ಟಿಯೂ ಮಂಜು. ನೋವಿಲ್ಲ. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್‌ನಿಂದ ಗುಣ ಕಾಣಲಿಲ್ಲ. ಮಾತ್ರೆಯಿಂದಲೇ ಹೀಗಾಯಿತೇ? ನಿಲ್ಲಿಸಲೇ? ಕಣ್ಣಿನ ಡಾಕ್ಟರಿಗೆ ಎಚ್‌ಐವಿ ವಿಷಯ ಹೇಳಲೇಬೇಕೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮಾತ್ರೆ ನಿಲ್ಲಿಸಬೇಡಿ, ಡ್ರಾಪ್ಸ್ ನಿಲ್ಲಿಸಿ. ನಾಳೆಯೇ ನೇತ್ರತಜ್ಞರನ್ನು ಕಾಣಿರಿ.

ನೋವಿಲ್ಲವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕಣ್ಣಿನ ಹಿಂಭಾಗದ ಅಕ್ಷಿಪಟಲಕ್ಕೆ ಊತ ಬಂದಾಗ ಸಾಮಾನ್ಯವಾಗಿ ನೋವಿರುವುದಿಲ್ಲ, ಕಣ್ಣು ಕೆಂಪಾಗದೆಯೂ ಇರಬಹುದು. ನಿಮ್ಮ ವಿಷಯದಲ್ಲಿ ಮುಖ್ಯವಾಗಿ ಎರಡು ಅನುಮಾನಗಳಿವೆ. ಮೊದಲನೆಯದು ಸೈಟೊಮೆಗಾಲೊ ವೈರಸ್, ಅಂದರೆ ಸಿಎಂವಿ. ನಮ್ಮಲ್ಲಿ ಬಹುತೇಕರ ಮೈಯಲ್ಲಿ ಸುಮ್ಮನೆ ಅಡಗಿರುವ ಈ ವೈರಸ್, ಸಿಡಿ4 50ಕ್ಕಿಂತ ಕೆಳಗಿಳಿದಾಗ ತಲೆ ಎತ್ತಿ ಅಕ್ಷಿಪಟಲವನ್ನು ಹಾಳುಮಾಡುತ್ತದೆ. ತೆಳುವಾದ ಪಟಲ ಕಳಚಿಕೊಳ್ಳಲೂಬಹುದು. ಎರಡನೆಯದು, ಎಆರ್‌ಟಿಯಿಂದ ಮರಳಿದ ರೋಗನಿರೋಧಕ ಶಕ್ತಿಯೇ ಆ ಹಳೆಯ ಸೋಂಕಿನ ವಿರುದ್ಧ ತಿರುಗಿಬಿದ್ದು ಕಣ್ಣೊಳಗೆ ಉರಿಯೂತ ತರುವುದು. ಇದು ಮಾತ್ರೆಯ ವಿಷವಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಎರಡಕ್ಕೂ ಚಿಕಿತ್ಸೆ ಬೇರೆ. ಸಿಎಂವಿಗೆ ವಾಲ್‌ಗ್ಯಾನ್ಸಿಕ್ಲೋವಿರ್ ಮಾತ್ರೆ ಅಥವಾ ಕಣ್ಣೊಳಗೆ ಗ್ಯಾನ್ಸಿಕ್ಲೋವಿರ್ ಚುಚ್ಚುಮದ್ದು ಬೇಕು. ಉರಿಯೂತಕ್ಕೆ ಸ್ಟೀರಾಯ್ಡ್ ಬೇಕಾಗಬಹುದು. ಸೋಂಕು ಇದೆಯೋ ಇಲ್ಲವೋ ನೋಡದೆ ಸ್ಟೀರಾಯ್ಡ್ ಹಾಕಿದರೆ ಸೋಂಕು ಉಲ್ಬಣಿಸೀತು. ಅಂಗಡಿಯ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇರಬಹುದು, ಬೇಡ ಎಂದದ್ದು ಅದಕ್ಕೇ.

ಕ್ಷಯ, ಟಾಕ್ಸೊಪ್ಲಾಸ್ಮಾ, ಸರ್ಪಸುತ್ತಿನ ವೈರಸ್ ಕೂಡ ಹೀಗೆ ಕಾಡಬಹುದು. ಸಿಫಿಲಿಸ್ ಅಂತೂ ಸಿಡಿ4 ಚೆನ್ನಾಗಿದ್ದವರ ಕಣ್ಣನ್ನೂ ಬಿಡದು. ರಕ್ತಪರೀಕ್ಷೆಯಲ್ಲಿ ಸಿಕ್ಕರೆ ಪೆನ್ಸಿಲಿನ್‌ನಿಂದ ಗುಣವಾಗುತ್ತದೆ. ಕ್ಷಯಕ್ಕೆ ರಿಫಾಬ್ಯೂಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ಅದರಿಂದಲೂ ಕಣ್ಣಿನ ಉರಿಯೂತ ಬರುವುದುಂಟು.

ವೈದ್ಯರು ಮದ್ದು ಹಾಕಿ ಕಣ್ಣಿನ ಪಾಪೆ ಹಿಗ್ಗಿಸುತ್ತಾರೆ. ಅರ್ಧ ಗಂಟೆ ಕೂತಮೇಲೆ ಬೆಳಕು ಬಿಟ್ಟು ಅಕ್ಷಿಪಟಲವನ್ನು ಅಂಚಿನವರೆಗೂ ನೋಡುತ್ತಾರೆ. ಆಮೇಲೆ ಕೆಲವು ಗಂಟೆ ಕಣ್ಣು ಕುಕ್ಕುತ್ತದೆ, ಓದಲಾಗದು; ಬೈಕ್ ಓಡಿಸಬೇಡಿ, ಜೊತೆಗೊಬ್ಬರನ್ನು ಕರೆದೊಯ್ಯಿರಿ.

ಎಚ್‌ಐವಿ ವಿಷಯ ಹೇಳಲೇಬೇಕು. ಹೇಳದಿದ್ದರೆ ಯಾವ ರೋಗವನ್ನು ಹುಡುಕಬೇಕೆಂಬುದೇ ವೈದ್ಯರಿಗೆ ತಿಳಿಯದು. ಎಚ್‌ಐವಿ ಇದೆಯೆಂದು ಚಿಕಿತ್ಸೆ ನಿರಾಕರಿಸುವುದನ್ನೂ ಒಪ್ಪಿಗೆಯಿಲ್ಲದೆ ಗುಟ್ಟು ಬಯಲುಮಾಡುವುದನ್ನೂ 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. ನಿಮ್ಮ ಎಆರ್‌ಟಿ ಕೇಂದ್ರದಿಂದಲೇ ಚೀಟಿ ಬರೆಸಿಕೊಂಡು ಹೋಗಿ. ಸಂದೇಹವಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಿ.

ಎಚ್‌ಐವಿ ಇರುವ ಎಲ್ಲರಿಗೂ ಒಂದು ಮಾತು: ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಚುಕ್ಕೆ, ಮಿಂಚು, ಪರದೆ ಎಳೆದಂತಹ ನೆರಳು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಒಮ್ಮೆ ಸತ್ತ ಅಕ್ಷಿಪಟಲ ಮತ್ತೆ ಬೆಳೆಯುವುದಿಲ್ಲ.