ಸ್ಥಳದಲ್ಲಿ ಓದಬೇಕಾದ ಶಾಸನ: ಆತಕೂರಿನ ಕಲ್ಲು ಮತ್ತು ಅದರ ಊರು

ಕನ್ನಡ ನಾಡಿನ ಅನೇಕ ಸಣ್ಣ ಊರುಗಳು ಹೊರಗಿನವರಿಗೆ ಪರಿಚಿತವಾಗಿರುವುದು ಅಲ್ಲಿ ದೊರೆತ ಒಂದು ಕಲ್ಲಿನಿಂದ. ಹಲ್ಮಿಡಿ, ಆತಕೂರು, ಬೇಗೂರು ಎಂದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ಶಾಸನ ನೆನಪಾಗುತ್ತದೆ; ಊರು ಹಿಂದೆ ಸರಿಯುತ್ತದೆ. ಶಾಸನದ ಪಾಠ, ಕಾಲ, ಲಿಪಿ, ಭಾಷಾರೂಪಗಳ ಬಗೆಗೆ ನಡೆದಿರುವಷ್ಟು ಚರ್ಚೆ, ಅದು ನಿಂತಿದ್ದ ನೆಲದ ಬಗೆಗೆ ನಡೆದಿಲ್ಲ. ಆದರೆ ಗ್ರಾಮದ ಕಲ್ಲೊಂದು ತನ್ನ ಅರ್ಥದ ಬಹುಪಾಲನ್ನು ಪಡೆಯುವುದು ಸುತ್ತಲಿನ ಕೆರೆ, ಗುಡಿ, ಗುಡ್ಡ, ಗದ್ದೆಗಳಿಂದಲೇ. ಈ ಸಂಗತಿಯನ್ನು ಆತಕೂರು ಶಾಸನದ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಶಾಸನದ ಪರಿಚಯ

ಆತಕೂರು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಗ್ರಾಮ. ಇಲ್ಲಿಯ ಶಾಸನವನ್ನು ಬಿ.ಎಲ್. ರೈಸ್ ಅವರು ೧೮೯೪ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಸೇರಿಸಿದ್ದಾರೆ. ಶಕವರ್ಷ ೮೭೨, ಸೌಮ್ಯ ಸಂವತ್ಸರ ಎಂಬ ಉಲ್ಲೇಖದ ಮೇಲೆ ಇದರ ಕಾಲ ಕ್ರಿ.ಶ. ೯೪೯-೫೦ ಎಂದು ನಿರ್ಧಾರವಾಗಿದೆ.

ಇತಿಹಾಸಕಾರರು ಈ ಶಾಸನಕ್ಕೆ ನೀಡಿರುವ ಮಹತ್ತ್ವ ತಕ್ಕೋಲದ ಯುದ್ಧದ ಕಾರಣದಿಂದ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋದಾಗ ಗಂಗ ದೊರೆ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದು, ಅದಕ್ಕೆ ಮೆಚ್ಚಿ ಕೃಷ್ಣನು ಅವನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಎಂಬ ಪ್ರದೇಶಗಳನ್ನು ಕೊಟ್ಟುದು ಇದರಿಂದ ತಿಳಿದುಬರುತ್ತದೆ. ಕನ್ನಡ ಮತ್ತು ತಮಿಳು ನಾಡುಗಳೆರಡರ ರಾಜಕೀಯ ಇತಿಹಾಸಕ್ಕೂ ಇದು ಆಧಾರವಾಗಿದೆ.

ಆದರೆ ಕಲ್ಲನ್ನು ನಿಲ್ಲಿಸಿದುದು ಈ ಯುದ್ಧದ ಸ್ಮರಣೆಗಾಗಿ ಅಲ್ಲ. ಬೂತುಗನ ಸೇವಕನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದಾಗ, ಮಣಲೇರನು ಬೇಡಿದುದು ಕಾಳಿ ಎಂಬ ನಾಯಿಯನ್ನು. ಆ ನಾಯಿಯನ್ನು ಒಂದು ಹಿರಿಯ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಕಲ್ಲು ನಿಂತುದು ಅದಕ್ಕಾಗಿ. ಕಲ್ಲಿನ ಮೇಲಿನ ಶಿಲ್ಪದಲ್ಲಿಯೂ ಅರಸರಾಗಲಿ ಆನೆಗಳಾಗಲಿ ಇಲ್ಲ; ಹೋರಾಡುತ್ತಿರುವ ನಾಯಿ ಮತ್ತು ಹಂದಿ ಮಾತ್ರ ಇವೆ. ದೊರೆಗೆ ಸಾವಿರಾರು ಹಳ್ಳಿಗಳ ಕೊಡುಗೆ, ಸೇವಕನಿಗೆ ಒಂದು ನಾಯಿ: ಈ ಎರಡು ಮೆಚ್ಚುಗೆಗಳು ಒಂದೇ ಕಲ್ಲಿನ ಮೇಲೆ ಸೇರಿರುವುದು ಶಾಸನದ ವೈಶಿಷ್ಟ್ಯ.

೨. ಶಾಸನದೊಳಗಿನ ಸ್ಥಳಸೂಚನೆಗಳು

ಯುದ್ಧದ ಭಾಗವನ್ನು ಬದಿಗಿಟ್ಟು ನೋಡಿದರೆ ಶಾಸನದ ಉಳಿದ ಭಾಗವು ಸ್ಥಳಸೂಚನೆಗಳಿಂದ ತುಂಬಿದೆ. ಅವುಗಳನ್ನು ಹೀಗೆ ಗುರುತಿಸಬಹುದು.

ಮೊದಲನೆಯದು ಬೇಟೆಯ ಸ್ಥಳ. ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಹಂದಿಯ ಮೇಲೆ ನಾಯಿಯನ್ನು ಬಿಡಲಾಯಿತೆಂದು ಶಾಸನ ಹೇಳುತ್ತದೆ. ಮೊರಡಿ ಎಂದರೆ ಕಲ್ಲು ಮಣ್ಣುಗಳಿಂದ ಕೂಡಿದ ಸಣ್ಣ ದಿಬ್ಬ. ಮರಡಿ ಎಂಬ ರೂಪದಲ್ಲಿ ಈ ಪದ ಇಂದಿಗೂ ಅನೇಕ ಊರುಗಳ ಹೆಸರುಗಳಲ್ಲಿ ಉಳಿದಿದೆ. ಎರಡನೆಯದು ಕಲ್ಲು ನಿಂತ ಸ್ಥಳ: ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ. ಮೂರನೆಯದು ದತ್ತಿಯ ಭೂಮಿ: ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು. ನಾಲ್ಕನೆಯದು ಆಡಳಿತದ ಘಟಕ: ಮಣಲೇರನಿಗೆ ದೊರೆತ ‘ಆತಕೂರು ಹನ್ನೆರಡು’, ಅಂದರೆ ಈ ಊರನ್ನು ಮುಖ್ಯವಾಗಿ ಉಳ್ಳ ಹನ್ನೆರಡು ಹಳ್ಳಿಗಳ ಗುಂಪು.

ಇವುಗಳಲ್ಲಿ ಭೂಮಿಯ ಉಲ್ಲೇಖ ವಿಶೇಷವಾಗಿ ಗಮನಾರ್ಹ. ಖಂಡುಗ ಎಂಬುದು ಮೂಲತಃ ಧಾನ್ಯದ ಅಳತೆ; ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಭೂಮಿಗೆ ಅನ್ವಯಿಸಿದಾಗ ಅಷ್ಟು ಬೀಜವನ್ನು ಬಿತ್ತಬಹುದಾದ ನೆಲ ಎಂದು ಅರ್ಥ. ‘ಕೆರೆಯ ಕೆಳಗೆ’ ಎಂಬ ಮಾತು ದಿಕ್ಕನ್ನಷ್ಟೇ ಅಲ್ಲ, ನೀರಿನ ಹಕ್ಕನ್ನೂ ಸೂಚಿಸುತ್ತದೆ. ಏರಿಯ ಕೆಳಗಿನ ಅಚ್ಚುಕಟ್ಟಿನ ಗದ್ದೆಗೆ ತೂಬಿನಿಂದ ನೀರು ಹರಿಯಬೇಕು, ಆ ಗದ್ದೆಯಲ್ಲಿ ಬೆಳೆ ಬರಬೇಕು, ಅದರಿಂದ ಕಲ್ಲಿನ ಪೂಜೆ ನಡೆಯಬೇಕು. ಒಂದು ನಾಯಿಯ ನೆನಪು ಹೀಗೆ ಊರಿನ ನೀರಾವರಿಯ ವ್ಯವಸ್ಥೆಗೆ ಜೋಡಣೆಯಾಗಿದೆ.

೩. ಶಾಪವಾಕ್ಯದ ಸ್ಥಳೀಯತೆ

ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯ ಸಾಮಾನ್ಯವಾಗಿ ಸಿದ್ಧ ಮಾದರಿಯದು. ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರುವುದೆಂಬ ಮಾತು ನೂರಾರು ಶಾಸನಗಳಲ್ಲಿ ಪುನರಾವರ್ತನೆಯಾಗಿದೆ. ಆತಕೂರಿನ ಶಾಪವಾದರೋ ದೂರದ ಕ್ಷೇತ್ರವನ್ನು ನೆನೆಯುವುದಿಲ್ಲ. ಭೂಮಿಯನ್ನು ಅಳಿದವನಿಗೆ ಆ ನಾಯಿಯ ಪಾಪವೇ ತಟ್ಟುವುದೆಂದು ಅದು ಹೇಳುತ್ತದೆ. ಅಷ್ಟೇ ಅಲ್ಲ, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ.

ಗೊರವ ಎಂಬ ಹೆಸರು ಇಂದು ಮೈಲಾರಲಿಂಗನ ಭಕ್ತರಿಗೆ ರೂಢಿಯಲ್ಲಿದೆ. ಗಂಗರ ಕಾಲದಲ್ಲಿ ಅದು ಶೈವ ತಪಸ್ವಿಗಳಿಗೂ ಶಿವಾಲಯದ ಸ್ಥಾನಪತಿಗಳಿಗೂ ಸಲ್ಲುತ್ತಿತ್ತು. ಚಲ್ಲೇಶ್ವರನ ಗೊರವನು ದಿನವೂ ಉಣ್ಣುವ ಮೊದಲು ಗುಡಿಯ ಮುಂದಿನ ಕಲ್ಲಿನ ಬಳಿಗೆ ಬರಬೇಕು. ಶಾಸನವು ನಿರೀಕ್ಷಿಸುವ ಮೊದಲ ಓದುಗ ಅವನೇ. ಉಣ್ಣುವುದು, ಪೂಜಿಸುವುದು, ಉಳುವುದು ಎಂಬ ಮೂರು ದೈನಂದಿನ ಕ್ರಿಯೆಗಳು ಒಂದೇ ಸ್ಥಳದಲ್ಲಿ ನಡೆಯುತ್ತವೆ ಎಂಬ ನಂಬಿಕೆಯ ಮೇಲೆ ಈ ಪಠ್ಯ ನಿಂತಿದೆ. ಆದುದರಿಂದ ‘ಈ ಕಲ್ಲು’, ‘ಈ ಮಣ್ಣು’ ಎಂಬ ನಿರ್ದೇಶನಗಳು ಕೇವಲ ವ್ಯಾಕರಣದ ವಿಷಯವಲ್ಲ. ಕಣ್ಣೆದುರಿನ ವಸ್ತುಗಳನ್ನು ಬೆರಳು ಮಾಡಿ ತೋರಿಸುವ ಮಾತುಗಳು.

೪. ಸ್ಥಳಾಂತರದ ಪ್ರಶ್ನೆ

ಆತಕೂರಿನ ಕಲ್ಲು ಇಂದು ಆತಕೂರಿನಲ್ಲಿಲ್ಲ. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ೧೮೬೫ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಅನೇಕ ಗ್ರಾಮಗಳ ಶಿಲಾಶಾಸನಗಳನ್ನು ಕಾಪಾಡಿಕೊಂಡು ಬಂದಿದೆ. ಬಟ್ಟೆ ಒಗೆಯುವ ಕಲ್ಲಾಗಿಯೋ ಮೋರಿಯ ಹಾಸಾಗಿಯೋ ಎಷ್ಟೋ ಶಾಸನಗಳು ಹಾಳಾಗಿರುವ ನಾಡಿನಲ್ಲಿ ಸಂಗ್ರಹಾಲಯದ ಕಾರ್ಯವನ್ನು ಕಡೆಗಣಿಸುವಂತಿಲ್ಲ. ಆದರೆ ಉಳಿದುದು ಕಲ್ಲು ಮತ್ತು ಅಕ್ಷರ; ಉಳಿಯದೆ ಹೋದುದು ಅವುಗಳ ನಡುವಿನ ಸಂಬಂಧ. ‘ಮುಂದೆ’ ಎಂದರೆ ಯಾವುದರ ಮುಂದೆ, ‘ಕೆಳಗೆ’ ಎಂದರೆ ಯಾವುದರ ಕೆಳಗೆ ಎಂಬ ಪ್ರಶ್ನೆಗೆ ಸಂಗ್ರಹಾಲಯದ ಗೋಡೆ ಉತ್ತರಿಸಲಾರದು.

ಬೇಗೂರಿನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದುದನ್ನೂ ಇರುಗನಿಗೆ ‘ಬೆಂಪೂರು ಹನ್ನೆರಡು’ ದೊರೆತುದನ್ನೂ ತಿಳಿಸುವ ವೀರಗಲ್ಲು ಸಂಗ್ರಹಾಲಯವನ್ನು ಸೇರಿದೆ. ಬೆಂಗಳೂರು ಎಂಬ ಹೆಸರನ್ನು ಉಲ್ಲೇಖಿಸುವ, ಸುಮಾರು ಕ್ರಿ.ಶ. ೮೯೦ರ ಇನ್ನೊಂದು ಕಲ್ಲು ಬೇಗೂರಿನ ನಾಗೇಶ್ವರ ದೇವಾಲಯದಲ್ಲಿಯೇ ಉಳಿದಿದೆ. ಮೊದಲನೆಯದು ವಿದ್ವಾಂಸರ ಆಕರವಾಯಿತು. ಎರಡನೆಯದು ಆಕರವಾಗಿರುವುದರ ಜೊತೆಗೆ ಊರಿನ ಗುರುತೂ ಆಗಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಮೂರನೆಯ ದಾರಿಯನ್ನು ಕಾಣಬಹುದು. ಡಾ. ಎಂ.ಎಚ್. ಕೃಷ್ಣ ಅವರು ೧೯೩೬ರಲ್ಲಿ ಬೆಳಕಿಗೆ ತಂದ ಆ ಶಾಸನದ ಮೂಲಶಿಲೆ ಮೈಸೂರಿಗೆ ಹೋದ ಮೇಲೆ, ಊರಿನಲ್ಲಿ ಅದರ ಪ್ರತಿಕೃತಿಯನ್ನು ನಿಲ್ಲಿಸಲಾಗಿದೆ. ಮೂಲದ ಸುರಕ್ಷತೆ ಮತ್ತು ಊರಿನ ನೆನಪು ಎರಡನ್ನೂ ಉಳಿಸಿಕೊಳ್ಳಲು ಇದು ಸಾಧ್ಯವಾದ ಒಂದು ಕ್ರಮ.

೫. ಸಮಾರೋಪ

ಡಾ. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (೧೯೬೬) ಶಾಸನಗಳನ್ನು ರಾಜವಂಶಗಳ ಚರಿತ್ರೆಯ ಆಚೆಗೆ, ಜನಜೀವನದ ದಾಖಲೆಗಳಾಗಿ ಓದುವ ಮಾರ್ಗವನ್ನು ತೆರೆಯಿತು. ಆ ಮಾರ್ಗದ ಮುಂದಿನ ಹೆಜ್ಜೆ, ಶಾಸನವನ್ನು ಅದರ ನೆಲದ ಜೊತೆಗೆ ಓದುವುದು. ಅದಕ್ಕೆ ಲಿಪಿಜ್ಞಾನದಷ್ಟೇ ಕ್ಷೇತ್ರಕಾರ್ಯವೂ ಅವಶ್ಯ. ಊರಿನ ಕೆರೆ, ತೂಬು, ಹೊಲಗದ್ದೆಗಳ ಹೆಸರುಗಳು, ದಿಬ್ಬಗಳಿಗೆ ಜನರು ಕರೆಯುವ ಹೆಸರುಗಳು, ಪಾಳುಗುಡಿಗಳ ಸ್ಥಾನ ಇವೆಲ್ಲ ಶಾಸನಪಾಠದ ಪಕ್ಕದಲ್ಲಿ ದಾಖಲಾಗಬೇಕು. ಈ ಹೆಸರುಗಳು ಕಂದಾಯದ ಕಡತಗಳಿಗಿಂತ ಹೆಚ್ಚಾಗಿ ಉಳುವವರ ನಾಲಗೆಯ ಮೇಲಿವೆ. ಜಮೀನು ಬಡಾವಣೆಯಾದಾಗ, ಕೆರೆ ಬತ್ತಿ ಅಚ್ಚುಕಟ್ಟು ಇಲ್ಲವಾದಾಗ ಅವು ಒಂದೇ ತಲೆಮಾರಿನಲ್ಲಿ ಅಳಿದುಹೋಗುತ್ತವೆ.

ಒಂದು ನಾಯಿಯ ಸಾವಿಗಾಗಿ ಎರಡು ಖಂಡುಗ ನೀರಾವರಿ ಭೂಮಿಯನ್ನು ಬಿಟ್ಟುಕೊಟ್ಟ ಊರು, ಆ ನೆನಪು ನಿತ್ಯವೂ ನಡೆಯಬೇಕೆಂದು ಬಯಸಿತ್ತು. ಶಾಸನದ ಪಾಠ ಮುದ್ರಿತವಾಗಿ ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಅದು ಹೆಸರಿಸುವ ಮೊರಡಿ, ಗುಡಿ, ಕೆರೆ, ಗದ್ದೆಗಳ ನಕ್ಷೆಯನ್ನು ಪಾಠದ ಜೊತೆಗೆ ಇರಿಸಿದಾಗಲೇ ಆತಕೂರಿನ ಕಲ್ಲಿನ ಓದು ಪೂರ್ಣವಾಗುತ್ತದೆ.