ಎಚ್ಚರಿಕೆಯ ದನಿ

ತುಮಕೂರು ನಗರದ ಉಪ್ಪಾರಹಳ್ಳಿಯಲ್ಲಾಗಲಿ, ನಾಡಿನ ಬೇರಾವ ಊರಿನಲ್ಲಾಗಲಿ, ಬೀದಿಯ ವಿದ್ಯುತ್ ಪರಿವರ್ತಕದ ಬಳಿ ಹಾದುಹೋಗುವವರ ಕಣ್ಣಿಗೆ ತಗಡಿನ ಫಲಕವೊಂದು ಬೀಳುವುದುಂಟು. ಅದರ ಮೇಲೆ ಒಂದು ತಲೆಬುರುಡೆ, ಅಡ್ಡಲಾಗಿ ಎರಡು ಮೂಳೆಗಳು, 'ಅಪಾಯ' ಎಂಬ ಒಂದೇ ಮಾತು, ಜೊತೆಗೆ ವೋಲ್ಟುಗಳ ಸಂಖ್ಯೆ. ಊರು ಬದಲಾದರೂ ಈ ಫಲಕದ ರೂಪ ಬದಲಾಗದು. ಇದು ಆಕಸ್ಮಿಕವಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 35ನೆಯದು, 250 ವೋಲ್ಟಿಗೆ ಮೀರಿದ ವಿದ್ಯುತ್ ಸ್ಥಾವರಗಳಲ್ಲಿ ಇಂಥ ಫಲಕವನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿಯೂ, ಆಯಾ ಜಿಲ್ಲೆಯ ಭಾಷೆಯಲ್ಲಿಯೂ ಬರೆದು, ತಲೆಬುರುಡೆಯ ಗುರುತಿನೊಡನೆ ಕಣ್ಣಿಗೆ ಕಾಣುವಂತೆ ಹಾಕಬೇಕೆಂದು ವಿಧಿಸಿತು. ಆ ನಿಯಮಾವಳಿಯ ಸ್ಥಾನದಲ್ಲಿ 2010ರಲ್ಲಿ ಹೊಸದು ಬಂದರೂ ಫಲಕವು ಉಳಿಯಿತು. ಅಕ್ಷರ ಬಾರದವನೂ ಅದನ್ನು ಓದಬಲ್ಲನು.

ಫಲಕಕ್ಕೆ ಈ ಸ್ಥಿರತೆಯನ್ನು ಕಾನೂನು ಒದಗಿಸಿತು. ಆದರೆ ಸುರಕ್ಷತೆಯ ಉಪಕರಣಗಳನ್ನು ತಯಾರಿಸುವ ಸಂಸ್ಥೆಯೊಂದು ಜನರೊಡನೆ ಆಡುವ ಉಳಿದ ಮಾತುಗಳಿಗೆ ಅಂಥ ಕಟ್ಟು ಹೆಚ್ಚಾಗಿ ಇರುವುದಿಲ್ಲ. ಅದು ಜಾಹೀರಾತಿನಲ್ಲಿ ಮಾತನಾಡುತ್ತದೆ, ಡಬ್ಬಿಯ ಮೇಲಿನ ಚೀಟಿಯಲ್ಲಿ ಮಾತನಾಡುತ್ತದೆ, ದೂರವಾಣಿಯಲ್ಲಿ ಉತ್ತರ ಕೊಡುತ್ತದೆ. ಒಂದೊಂದನ್ನು ಒಬ್ಬೊಬ್ಬರು ಬರೆಯುತ್ತಾರೆ. ಆದುದರಿಂದ ಒಂದೇ ಸಂಸ್ಥೆಯು ಹಲವು ಮನುಷ್ಯರಂತೆ ಕೇಳಿಸತೊಡಗುತ್ತದೆ.

ಇಲ್ಲಿ ದನಿ ಮತ್ತು ಧಾಟಿ ಎಂಬ ಎರಡನ್ನು ಬೇರ್ಪಡಿಸಿ ನೋಡಬೇಕು. ತಾಯಿ ಮಗುವನ್ನು ಊಟಕ್ಕೆ ಕರೆಯುವಾಗ ಒಂದು ಬಗೆಯಾಗಿ ಕೂಗುತ್ತಾಳೆ. ಅದೇ ಮಗು ಬಾವಿಯ ಕಟ್ಟೆಯನ್ನು ಹತ್ತಿದಾಗ ಇನ್ನೊಂದು ಬಗೆಯಾಗಿ ಕೂಗುತ್ತಾಳೆ. ಧಾಟಿ ಬೇರೆಯಾಯಿತು, ದನಿ ಬೇರೆಯಾಗಲಿಲ್ಲ. ಕತ್ತಲಿನಲ್ಲಿಯೂ ಮಗು ಅದು ತನ್ನ ತಾಯಿಯದೆಂದು ಬಲ್ಲದು, ಬಲ್ಲುದರಿಂದಲೇ ನಿಲ್ಲುತ್ತದೆ.

ಕನ್ನಡದಲ್ಲಿ ಈ ವಿಷಯ ಇನ್ನಷ್ಟು ಸೂಕ್ಷ್ಮವಾದುದು. 'ಮುಟ್ಟಬೇಡ', 'ಮುಟ್ಟಬೇಡಿ', 'ಮುಟ್ಟಬಾರದು', 'ಮುಟ್ಟತಕ್ಕದ್ದಲ್ಲ' – ಈ ನಾಲ್ಕೂ ನಿಷೇಧಗಳೇ. ಆದರೆ ಮೊದಲನೆಯದರಲ್ಲಿ ಸಲಿಗೆಯೋ ಗದರಿಕೆಯೋ ಇದೆ. ಎರಡನೆಯದರಲ್ಲಿ ಎದುರಿನವರ ಮೇಲೆ ಗೌರವವಿದೆ. ಮೂರನೆಯದು ಎಲ್ಲರಿಗೂ ಅನ್ವಯಿಸುವ ಕಟ್ಟಳೆ. ನಾಲ್ಕನೆಯದು ಕಚೇರಿಯ ಆಜ್ಞೆ. ಜಾಹೀರಾತಿನಲ್ಲಿ 'ನಿಮ್ಮ ಮನೆಯ ಕಾವಲುಗಾರ' ಎಂದು ಕೈಮುಗಿಯುವ ಸಂಸ್ಥೆಯು ಚೀಟಿಯಲ್ಲಿ 'ಗ್ರಾಹಕನು ಬಿಚ್ಚತಕ್ಕದ್ದಲ್ಲ' ಎಂದು ಗದರಿದರೆ, ಓದುವವನು ಎರಡನೆಯ ಮಾತು ತನಗಾಗಿ ಬರೆದುದಲ್ಲ, ನ್ಯಾಯಾಲಯಕ್ಕಾಗಿ ಬರೆದುದೆಂದು ತಿಳಿದು ಚೀಟಿಯನ್ನು ಮಡಿಚಿಡುತ್ತಾನೆ. ಅವನ ಊಹೆ ಅನೇಕ ವೇಳೆ ಸರಿಯಾಗಿಯೇ ಇರುತ್ತದೆ.

ಗುಬ್ಬಿಯ ಕಡೆಯ ಅಡಿಕೆ ತೋಟಗಳನ್ನು ನೆನೆಯಬಹುದು. ಕೊನೆ ಇಳಿಸಲು ಉದ್ದನೆಯ ದೋಟಿಗಳನ್ನು ಬಳಸುವುದುಂಟು. ಅಲ್ಯೂಮಿನಿಯಂ ದೋಟಿಯಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಹಗುರವೆಂದು ಹೆಸರಾದ ಕಾರ್ಬನ್ ಫೈಬರ್ ದೋಟಿಯಲ್ಲಿಯೂ ಹರಿಯುತ್ತದೆ. ತೋಟದ ಮೇಲೆ 11,000 ವೋಲ್ಟಿನ ತಂತಿ ಹಾದುಹೋಗಿದ್ದರೆ ದೋಟಿಯ ತುದಿ ಒಮ್ಮೆ ತಗುಲಿದರೆ ಸಾಕು, ಹಿಡಿದವನು ಬದುಕುವುದು ಕಷ್ಟ. 'ವಾಹಕ ವಸ್ತುಗಳನ್ನು ವಿದ್ಯುನ್ಮಾರ್ಗದ ಸಾಮೀಪ್ಯದಲ್ಲಿ ಉಪಯೋಗಿಸತಕ್ಕದ್ದಲ್ಲ' ಎಂದು ಬರೆದರೆ ಅದು ತಪ್ಪಲ್ಲ. ಆದರೆ ಕೊನೆಗಾರನಿಗೆ ತನ್ನ ಕೈಯಲ್ಲಿರುವುದೇ ಆ 'ವಾಹಕ ವಸ್ತು' ಎಂದು ಯಾರು ಹೇಳಬೇಕು? 'ತಂತಿಯ ಹತ್ತಿರ ದೋಟಿ ಎತ್ತಬೇಡಿ. ತಗುಲಿದರೆ ಸಾವು' ಎಂಬ ಮಾತಿಗೆ ವ್ಯಾಖ್ಯಾನ ಬೇಕಿಲ್ಲ.

ಭಯಪಡಿಸುವುದು ಸುಲಭ, ಭರವಸೆ ಕೊಡುವುದು ಅದಕ್ಕಿಂತ ಸುಲಭ. ನಿಜವನ್ನು ಅಳತೆಗೆ ತಕ್ಕಂತೆ ಹೇಳುವುದೇ ಕಠಿನ. ಮನೆಗಳಲ್ಲಿ ಅಳವಡಿಸುವ ಆರ್.ಸಿ.ಸಿ.ಬಿ. ಎಂಬ ಉಪಕರಣವು ಒಳಗೆ ಹೋದ ವಿದ್ಯುತ್ ಪ್ರವಾಹವನ್ನೂ ಹಿಂದಿರುಗಿದ ಪ್ರವಾಹವನ್ನೂ ಸದಾ ಹೋಲಿಸುತ್ತಿರುತ್ತದೆ. ಯಾರದಾದರೂ ಮೈಯ ಮೂಲಕ ನೆಲಕ್ಕೆ ಸೋರಿಕೆಯಾದರೆ ಎರಡಕ್ಕೂ ವ್ಯತ್ಯಾಸ ಬರುತ್ತದೆ. ಮನೆಬಳಕೆಯ ಉಪಕರಣದಲ್ಲಿ ಈ ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ ಸಂಪರ್ಕ ಕಡಿದುಹೋಗುತ್ತದೆ. ಇದು ಅದ್ಭುತವಾದ ಸಾಧನವೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಣ ಮರದ ಮಣೆಯ ಮೇಲೆ ನಿಂತವನು ಒಂದು ಕೈಯಲ್ಲಿ ಫೇಸ್ ತಂತಿಯನ್ನೂ ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ತಂತಿಯನ್ನೂ ಹಿಡಿದರೆ, ಹೋದಷ್ಟು ಪ್ರವಾಹವೂ ಹಿಂದಿರುಗುತ್ತದೆ. ಸೋರಿಕೆಯೇ ಇಲ್ಲದ ಕಾರಣ ಉಪಕರಣವು ಸುಮ್ಮನಿರುತ್ತದೆ. ಇಂಥ ಉಪಕರಣವನ್ನು 'ಸಂಪೂರ್ಣ ಪ್ರಾಣರಕ್ಷಕ' ಎಂದು ದೊಡ್ಡ ಅಕ್ಷರದಲ್ಲಿ ಹೊಗಳಿ, ಈ ಮಿತಿಯನ್ನು ಸಣ್ಣ ಅಕ್ಷರದಲ್ಲಿ ಅಡಗಿಸಿದರೆ ಸಂಸ್ಥೆಗೆ ಎರಡು ನಾಲಗೆಗಳಾದವು. ಜಾಹೀರಾತನ್ನು ನಂಬಿದವನು ಮುಖ್ಯ ಸ್ವಿಚ್ಚನ್ನು ಆರಿಸದೆ ತಂತಿಗೆ ಕೈಹಾಕಿಯಾನು. ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕೆಂಬ ಸೂಚನೆಯ ಗತಿಯೂ ಇದೇ: ತಾನೇ ಎಲ್ಲವನ್ನೂ ಕಾಯುತ್ತದೆಂದು ಹೇಳಿಸಿಕೊಂಡ ಉಪಕರಣವನ್ನು ಯಾರು ಪರೀಕ್ಷಿಸುತ್ತಾರೆ?

ಒಂದೇ ಮಾತನ್ನು ಎರಡು ಅರ್ಥದಲ್ಲಿ ಬಳಸುವುದರ ಬೆಲೆ ಎಷ್ಟಾಗಬಹುದೆಂಬುದಕ್ಕೆ ವಿಮಾನಯಾನದ ಚರಿತ್ರೆಯಲ್ಲಿ ಘೋರವಾದ ನಿದರ್ಶನವೊಂದಿದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಮುಸುಕಿತ್ತು. ಹೊರಡಲು ನಿಂತಿದ್ದ ವಿಮಾನದಿಂದ 'ಟೇಕಾಫ್' ಎಂಬ ಪದ ಕೂಡಿದ ಮಾತೊಂದು ಬಂದಿತು. ಅದು ಆಗಲೇ ಓಡತೊಡಗಿತ್ತು. ನಿಯಂತ್ರಣ ಗೋಪುರದವರು ಅದು ಹೊರಡುವ ಜಾಗದಲ್ಲಿ ನಿಂತು ಕಾಯುತ್ತಿದೆಯೆಂದು ತಿಳಿದರು. ಅದೇ ಹಾದಿಯಲ್ಲಿದ್ದ ಇನ್ನೊಂದು ವಿಮಾನಕ್ಕೆ ಅದು ಬಡಿಯಿತು. 583 ಮಂದಿ ಮಡಿದರು. ಕಾರಣಗಳು ಹಲವಿದ್ದವು, ಆದರೂ ತರುವಾಯ ಮಾತಿನ ಕ್ರಮವನ್ನೇ ತಿದ್ದಲಾಯಿತು. ಹಾರಲು ಅಪ್ಪಣೆ ಕೊಡುವಾಗ, ಇಲ್ಲವೆ ಅದನ್ನು ರದ್ದುಪಡಿಸುವಾಗ ಮಾತ್ರ 'ಟೇಕಾಫ್' ಎನ್ನಬೇಕು; ಉಳಿದಂತೆ 'ಡಿಪಾರ್ಚರ್' ಎಂಬ ಪದ ಬಳಸಬೇಕು ಎಂದಾಯಿತು.

ಧಾಟಿಯ ವಿಷಯದಲ್ಲಿ ಹತ್ತಿರದ ಉದಾಹರಣೆಯೊಂದುಂಟು. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ದೂರಸಂಪರ್ಕ ಇಲಾಖೆಯ ತುರ್ತು ಎಚ್ಚರಿಕೆ ವ್ಯವಸ್ಥೆಯನ್ನು ಪರೀಕ್ಷಿಸಿದಾಗ ಮೊಬೈಲುಗಳು ಒಮ್ಮೆಲೇ ಜೋರಾಗಿ ಕೂಗಿದವು. ಇದು ಪರೀಕ್ಷೆಯ ಸಂದೇಶ, ಏನನ್ನೂ ಮಾಡಬೇಕಾಗಿಲ್ಲ ಎಂಬುದು ಅದರ ಸಾರ. ಪ್ರಕಟಣೆಯ ಮೂಲಕ ಜನರಿಗೆ ಮೊದಲೇ ತಿಳಿಸಿದ್ದುದು ಉಚಿತವಾಗಿತ್ತು. ಗಂಡಾಂತರದ ಕೂಗನ್ನು ಕಾರಣವಿಲ್ಲದೆ ಪದೇ ಪದೇ ಎಬ್ಬಿಸಿದರೆ, ನಿಜವಾದ ಗಂಡಾಂತರಕ್ಕೆ ಕೂಗೇ ಉಳಿಯದು.

ಸಂಸ್ಥೆಯು ತನ್ನ ದನಿಯನ್ನು ನಿರ್ಧರಿಸುವುದೆಂದರೆ ಚೆಲುವಾದ ವಿಶೇಷಣಗಳನ್ನು ಕಾಗದದ ಮೇಲೆ ಬರೆದಿಡುವುದಲ್ಲ. 'ಅಪಾಯ', 'ಎಚ್ಚರಿಕೆ', 'ಗಮನಿಸಿ' ಎಂಬ ಮಾತುಗಳಲ್ಲಿ ಯಾವುದನ್ನು ಎಂಥ ಸಂದರ್ಭಕ್ಕೆ ಮೀಸಲಿಡಬೇಕು, ಗ್ರಾಹಕರನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲೋ, ಚೀಟಿಯಲ್ಲಿ 'ಗುಂಡಿ' ಎಂದುದನ್ನು ದೂರವಾಣಿಯಲ್ಲಿ 'ಬಟನ್' ಎನ್ನಬಹುದೋ – ಇವೇ ಇತ್ಯರ್ಥವಾಗಬೇಕಾದ ಸಂಗತಿಗಳು. ಬರೆದುದನ್ನು ಕಚೇರಿಯ ಮೇಜಿನ ಮೇಲೆ ಒಪ್ಪಿಸಿಕೊಂಡರೆ ಸಾಲದು. ಉಪ್ಪಾರಹಳ್ಳಿಯ ವೈರಿಂಗ್ ಕೆಲಸಗಾರನಿಗೆ, ಗುಬ್ಬಿಯ ಕೊನೆಗಾರನಿಗೆ, ಕನ್ನಡಕವನ್ನು ಹುಡುಕುತ್ತಿರುವ ಮನೆಯ ಅಜ್ಜಿಗೆ ಅದನ್ನು ಗಟ್ಟಿಯಾಗಿ ಓದಿಸಿ, ಅವರು ಯಾವ ಪದದ ಬಳಿ ತಡೆದು ನಿಂತರೆಂಬುದನ್ನು ಗುರುತು ಹಾಕಿಕೊಳ್ಳಬೇಕು.